ಭಾಲ್ಕಿಯ ದನಿ ತಂದ ತಂತಿ

"ಈ ತಂತಿ ನಮ್ಮ ಮಾಳಿಗಿ ಮ್ಯಾಲ ಯಾಕ ಎಳದೀರಿ? ಕರೆಂಟ್ ಹೊಡದ್ರ ಯಾರು ಹೊಣಿರಿ?" ಎನ್ನುತ್ತಲೇ ಪಕ್ಕದ ಮನೆಯ ಶಾಂತಮ್ಮ ಗೂಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚತೊಡಗಿದರು. ಚಿದ್ರಿಯಲ್ಲಿರುವ ನಮ್ಮ ಮನೆಯ ಮಾಳಿಗೆ ಚಿಕ್ಕದು. ಹಾಗಾಗಿ, ದೂರದ ಊರಿನವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೊಗೆಂದು ನಾನೇ ಮಾಡಿದ ಆಂಟೆನಾದ ಒಂದು ತುದಿಯನ್ನು, ಅವರ ಮಗನನ್ನು ಕೇಳಿ, ಅವರ ಮಾಳಿಗೆಗೆ ಕಟ್ಟಿದ್ದೆ. ಮನೆಯ ವೈರಿಂಗ್‌ನಲ್ಲಿ ಉಳಿದ ತಾಮ್ರದ ತಂತಿ, ಪ್ಲಾಸ್ಟಿಕ್ ಪೈಪಿನ ತುಂಡು, ಹಗ್ಗ, ಅಷ್ಟೇ ಅದು. ಬೆಳಗಿನಿಂದ ಕರೆದು ಕರೆದು ಗಂಟಲು ಒಣಗಿತ್ತು, ಒಬ್ಬರೂ ಓಗೊಟ್ಟಿರಲಿಲ್ಲ.

"ತಡೀರಿ ಅಕ್ಕಾ" ಎಂದು ನಾನು ಬೇಡುತ್ತಿರುವಾಗಲೇ ಪಕ್ಕದಲ್ಲಿಟ್ಟಿದ್ದ ರೇಡಿಯೊ ಗರಗರ ಎಂದಿತು. ಅದರ ನಡುವಿನಿಂದ ಗಂಡಸಿನ ದನಿಯೊಂದು, "ಭಾಲ್ಕಿಯಿಂದ ಮಾತಾಡ್ಲತ್ತೀನ್ರಿ. ಶರಣು ಶರಣಾರ್ಥಿ!" ಎಂದಿತು.

ಶರಣು ಎಂದವರಿಗೆ ತಿರುಗಿ ಶರಣು ಎನ್ನದೆ ಇರುವವರಲ್ಲ ಶಾಂತಮ್ಮ. ಎರಡೂ ಕೈ ಜೋಡಿಸಿ, "ಶರಣು ಶರಣಾರ್ಥಿರಿ" ಎಂದರು. ಕೈಯಲ್ಲಿದ್ದ ಹಗ್ಗ ಜಾರಿತು. ತಂತಿ ಅಂಗಳಕ್ಕೆ ಬಿತ್ತು. ದನಿ ನಿಂತೇ ಹೋಯಿತು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. "ಅಯ್ಯ, ಅವ್ರು ಏನ್ ತಿಳ್ಕೋತಾರ್ರಿ! ಲಗೂನ ಕಟ್ರಿ" ಎಂದು ಅವರೇ ಕೆಳಗೋಡಿ ತಂತಿ ತಂದರು. ಗೂಟ ಗಿಡ್ಡವಾಯಿತೆಂದು ಬಟ್ಟೆ ಒಣಹಾಕುವ ಬಿದಿರಿನ ಗಳವನ್ನೇ ನಿಲ್ಲಿಸಿಕೊಟ್ಟರು. ಭಾಲ್ಕಿಯ ದನಿ ಮೊದಲಿಗಿಂತ ಚೊಕ್ಕವಾಗಿ ಮರಳಿತು.

ಆ ಗಳ ಈಗಲೂ ಅಲ್ಲೇ ಇದೆ. ಅದರ ತುದಿಗೆ ನನ್ನ ತಂತಿ, ಬುಡಕ್ಕೆ ಶಾಂತಮ್ಮ ಬಳಿದ ವಿಭೂತಿ. ನಾನು ರೇಡಿಯೊ ಹಚ್ಚಿದ್ದು ಕೇಳಿಸಿದರೆ ಸಾಕು, ಆಚೆ ಮಾಳಿಗೆಯಿಂದ ಕೂಗುತ್ತಾರೆ: "ಭಾಲ್ಕಿಯವರಿಗಿ ನನ್ನ ಶರಣು ಹೇಳ್ರಿ!"