ತೆಂಗಿನ ದ್ವೀಪಕ್ಕೆ ಹೊರಟ ಆರು ಕಾಯಿ

ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಬಂದು ದೊಡ್ಡಮಲ್ಲಮ್ಮ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕೇರಳಕ್ಕೆ ಹೋಗುವ ಲಾರಿಗಳಿಗೆ ತರಕಾರಿ ಮೂಟೆ ಕಟ್ಟಿಕೊಡುವುದು ಅವಳ ಕೆಲಸ. ಗಂಡ ತೀರಿಹೋದ ವರ್ಷ ಹಿಡಿದದ್ದು, ಇನ್ನೂ ಬಿಟ್ಟಿಲ್ಲ. ಭಾರದ್ದು ತಳಕ್ಕೆ, ಮೆತ್ತನೆಯದು ಮೇಲಕ್ಕೆ, ನಡುವೆ ಗಾಳಿ ಆಡುವುದಕ್ಕೆ ದಾರಿ. ಅವಳು ಕಟ್ಟಿದ ಬೀನ್ಸು ಘಾಟಿ ಇಳಿದು ಕೋಳಿಕ್ಕೋಡು ಸೇರಿದರೂ ಗಿಡದಲ್ಲಿದ್ದ ಹಾಗೇ ಇರುತ್ತದೆ. ಅಲ್ಲಿಯ ವ್ಯಾಪಾರಿಗಳ ಜೊತೆ ಜಗಳ ಆಡಿ ಆಡಿ ಅವಳಿಗೆ ಮಲಯಾಳವೂ ಬಂತು. ಮೊದಲು ಬೈಗುಳ ಕಲಿತಳು, ಮಿಕ್ಕದ್ದು ಆಮೇಲೆ.

ನಾನು ಅವಳ ಪಕ್ಕದ ಮನೆಯವಳು. ವಯಸ್ಸಿನಲ್ಲಿ ದೊಡ್ಡವಳು, ಅದಕ್ಕೆ ಅಕ್ಕ ಎನ್ನುತ್ತಾಳೆ. ನನಗೂ ಗಂಡನಿಲ್ಲ. ಅವಳು ಲಕ್ಷದ್ವೀಪಕ್ಕೆ ಹೋಗಿಬಂದದ್ದನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಜೊತೆಯಲ್ಲಿ ಹೋದವಳು ನಾನೊಬ್ಬಳೇ. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಅವಳಿಗೆ ಒಬ್ಬಳೇ ಮಗಳು, ಸುಧಾಮಣಿ. ಅಳಿಯ ಶಿವಶಂಕರನಿಗೆ ಸಮುದ್ರದ ನಡುವೆ ಒಂದು ಪುಟ್ಟ ದ್ವೀಪದಲ್ಲಿ ದೀಪದ ಗೋಪುರ ನೋಡಿಕೊಳ್ಳುವ ನೌಕರಿ. ಹಡಗುಗಳಿಗೆ ದಾರಿ ತೋರಿಸುವ ದೀಪ ಅದು. "ದೀಪ ಹಚ್ಚಕೂ ಸರ್ಕಾರ ಸಂಬ್ಳ ಕೊಡ್ತದ? ನಮ್ಮವ್ವ ದಿನಾ ಹಚ್ತಾಳೆ, ಒಂದ್ ಕಾಸು ಕೊಟ್ಟೋರಿಲ್ಲ" ಎಂದು ಮಾರುಕಟ್ಟೆಯವರು ನಗುತ್ತಿದ್ದರು.

ಎರಡು ಸಾವಿರದ ಐದನೇ ಇಸವಿ. ಸುಧಾಮಣಿ ಚೊಚ್ಚಲು ಬಸುರಿ. ಏಳನೇ ತಿಂಗಳಿಗೆ ತವರಿಗೆ ಕರೆತಂದು ಮಡಿಲು ತುಂಬಬೇಕು, ಬಾಣಂತನ ಇಲ್ಲೇ ಆಗಬೇಕು ಎಂದು ದೊಡ್ಡಮಲ್ಲಮ್ಮ ಒಂದು ಕೋಣೆಗೆ ಸುಣ್ಣವನ್ನೂ ಹೊಡೆಸಿದ್ದಳು. ಅಷ್ಟರಲ್ಲಿ ಅಳಿಯನ ಫೋನು ಬಂತು. ಸುಧಾಮಣಿಗೆ ಸ್ವಲ್ಪ ರಕ್ತ ಕಾಣಿಸಿತ್ತು. ಕೂಸಿಗೆ ತೊಂದರೆಯಿಲ್ಲ, ಆದರೆ ಹೆರಿಗೆ ಆಗುವವರೆಗೆ ಹಡಗು ಹತ್ತಕೂಡದು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಮಳೆಗಾಲ ಹಿಡಿದರೆ ಅಂಥ ಚಿಕ್ಕ ದ್ವೀಪಕ್ಕೆ ಹೋಗುವ ದಾರಿಯೂ ಕಷ್ಟ.

ದೊಡ್ಡಮಲ್ಲಮ್ಮ ಅಳಲಿಲ್ಲ. "ಅವಳು ಬರಕಾಗದಿದ್ರೆ ತವರೇ ಅಲ್ಲಿಗೆ ಓಗ್ತದ" ಎಂದಳು.

ಆ ದ್ವೀಪಕ್ಕೆ ಸುಮ್ಮನೆ ಹೋಗಿಬಿಡುವ ಹಾಗಿಲ್ಲ. ಅಲ್ಲಿರುವವರು ಕರೆಸಿಕೊಳ್ಳಬೇಕು, ಪರ್ಮಿಟ್ಟು ಆಗಬೇಕು, ನಮ್ಮ ಮೇಲೆ ಕೇಸಿಲ್ಲ ಎಂದು ಪೊಲೀಸರು ಬರೆದುಕೊಡಬೇಕು. ತನ್ನ ಹೆಸರಿನ ಜೊತೆ ಅವಳು ನನ್ನ ಹೆಸರನ್ನೂ ಅಳಿಯನಿಗೆ ಹೇಳಿಬಿಟ್ಟಿದ್ದಳು. ನನಗೆ ತಿಳಿಸಿದ್ದು ಆಮೇಲೆ. ಗುಂಡ್ಲುಪೇಟೆಗೆ ಹೋಗಿ ಫೋಟೋ ಹಿಡಿಸಿಕೊಂಡೆವು. ಠಾಣೆಯಲ್ಲಿ ಪೇದೆ, "ನಿಮ್ ಮೇಲೆ ಏನಾದ್ರೂ ದೂರು ಐತೇನಮ್ಮ?" ಎಂದು ಕೇಳಿದ.

"ನಮ್ ಬಾವನ್ನ ಕೇಳಪ್ಪ. ಸಂಜೆಗಂಟ ಯೋಳ್ತರೆ."

ಆ ಬಾವ ಮರಿಮಲ್ಲಪ್ಪ, ಅವಳ ಗಂಡನ ಅಣ್ಣ. ಊರಿನಲ್ಲಿ ಮಾತು ನಡೆಯುವ ಮನುಷ್ಯ. ವಿಷಯ ಕಿವಿಗೆ ಬಿದ್ದ ದಿನವೇ ತನ್ನ ಮನೆ ಜಗುಲಿಗೆ ನಮ್ಮಿಬ್ಬರನ್ನೂ ಕರೆಸಿದ. ನೆಂಟರ ಹೆಂಗಸರೆಲ್ಲ ಬಂದು ಕುಳಿತಿದ್ದರು.

"ಮಡಿಲು ತುಂಬಕೆ ಐದು ಜನ ಮುತ್ತೈದೇರು ಬೇಕು ಅನ್ನದು ಮರ್ತೋಯ್ತೇನಮ್ಮಿ? ಕುಂಕುಮ ಇಲ್ದೋರು ಇಬ್ರೂ ಸೇರ್ಕಂಡು ಎಲ್ಲಿಗೆ ಒಂಟ್ರಿ? ಕೂಸಿಗೆ ಏನಾರ ಆದ್ರೆ ಯಾರು ಒಣೆ?"

ಆ ಕೊನೆಯ ಮಾತು ಅವಳಿಗೆ ತಾಕಿತು.

"ಮರ್ತಿಲ್ಲ ಬಾವ. ಕುಂಕುಮ ಇರೋರು ಯಾರ್ ಬತ್ತೀರಿ ಯೋಳಿ. ಇನ್ನೊಂದ್ ಪರ್ಮಿಟ್ಟು ಮಾಡುಸ್ತೀನಿ."

ಹೆಂಗಸರೆಲ್ಲ ನೆಲ ನೋಡಿದರು. ಮರಿಮಲ್ಲಪ್ಪನ ಹೆಂಡತಿ ಮಂಚಮ್ಮ, "ನನ್ ಕೈಲಾಗಲ್ಲ ಕಣವ್ವ. ಕೆರೆ ಏರಿ ಮೇಲೆ ನಿಂತ್ರೇನೆ ನಂಗೆ ತಲೆ ಗಿರ್ ಅಂತದ" ಎಂದಳು.

"ಅಂಗಾದ್ರೆ ಶಾಸ್ತ್ರ ಬುಡು" ಎಂದ ಮರಿಮಲ್ಲಪ್ಪ. "ಕೂಸು ಉಟ್ಟುದ್ ಮೇಲೆ ತೊಟ್ಲು ಕಟ್ಟನ."

"ಚೊಚ್ಚಲು ಬಾವ. ತವರಕ್ಕಿ ಮಡಿಲಿಗೆ ಬೀಳ್ದೆ ನನ್ ಮಗಳು ಎರಿಗೆ ಕ್ವಾಣೆಗೆ ಓಗದಿಲ್ಲ."

"ಅಲ್ಲಿ ನಮ್ಮೋರು ಯಾರವ್ರೆ? ಐದು ಜನ ಎಲ್ಲಿಂದ ತತ್ತೀಯೆ?"

"ಅಲ್ಲಿ ಎಂಗುಸ್ರಿಲ್ವಾ? ಅವ್ರಿಗೆ ಗಂಡಂದ್ರಿಲ್ವಾ?"

ಜಗುಲಿಯಲ್ಲಿ ಯಾರೋ ಕಿಸಕ್ಕೆಂದರು. ಮರಿಮಲ್ಲಪ್ಪ ಎದ್ದು ಒಳಗೆ ಹೋದ. ಮಾರನೆಯ ದಿನ ಮಂಚಮ್ಮ ಹಿತ್ತಲ ಬಾಗಿಲಿನಿಂದ ಬಂದು ಹಸಿರು ಬಳೆಯ ಕಟ್ಟನ್ನೂ ಒಂದು ಭರಣಿ ಕುಂಕುಮವನ್ನೂ ಇಟ್ಟಳು. "ನಿಮ್ ಬಾವುಂಗೆ ಯೋಳ್ಬೇಡಿ ಕಣ್ರವ್ವ" ಎಂದು ಬಂದ ದಾರಿಯಲ್ಲೇ ಹೋದಳು.

ಪರ್ಮಿಟ್ಟು ಬಂತು. ಆಮೇಲೆ ನಡೆದದ್ದು ಮೂಟೆ ಕಟ್ಟುವ ಕೆಲಸ. ಅಲ್ಲಿ ಮೀನು ಬಿಟ್ಟರೆ ಹಸಿ ತರಕಾರಿ ಅಪರೂಪ ಎಂದು ಮಗಳು ಹೇಳಿದ್ದಳು. ನಾವು ಲಿಂಗ ಕಟ್ಟಿದವರು, ಮೀನು ಮುಟ್ಟುವುದಿಲ್ಲ. ದೊಡ್ಡಮಲ್ಲಮ್ಮ ಚೀಲಗಳನ್ನು ಸಾಲಾಗಿ ಹರಡಿಕೊಂಡು ಕುಳಿತಳು. ತಳಕ್ಕೆ ಬೀಟ್ರೂಟು, ಅದರ ಮೇಲೆ ಎಲೆಕೋಸು, ಟೊಮೇಟೊ ಮಾತ್ರ ಇನ್ನೂ ಬಣ್ಣ ತಿರುಗದ್ದು. ಬೀನ್ಸು ಬೇರೆ ಚೀಲಕ್ಕೆ. ವೀಳ್ಯದೆಲೆ ಮತ್ತು ಕನಕಾಂಬರದ ದಂಡೆಯನ್ನು ಬಾಳೆಪಟ್ಟೆಯೊಳಗೆ ಇಟ್ಟು ನಾರಿನಿಂದ ಬಿಗಿದಳು. ಮಡಿಲಕ್ಕಿಯನ್ನು ಉಡಿಗಾಲದ ತನ್ನ ತವರಿನಿಂದ ತರಿಸಿದ್ದಳು. ಲಿಂಗದ ಮಜ್ಜನಕ್ಕೆ ಒಂದು ಕ್ಯಾನು ನಮ್ಮ ಬಾವಿಯ ನೀರು. ಕೊನೆಗೆ ಸಿಪ್ಪೆ ಸುಲಿದು ಜುಟ್ಟು ಉಳಿಸಿದ ತೆಂಗಿನಕಾಯಿಗಳನ್ನು ತಂದಳು.

"ಐದು ಸಾಕಲ್ವಾ ಅಮ್ಮಿ? ಇದ್ಯಾಕೆ ಆರು?" ಎಂದೆ.

"ಇರ್ಲಿ ಬುಡಕ್ಕ. ದಾರೀಲಿ ಒಂದು ಒಡ್ದೋದ್ರೆ?"

ಅದೂ ಸರಿ ಎನಿಸಿತು.

ಅವಳು ದಿನವೂ ಮೂಟೆ ತುಂಬುತ್ತಿದ್ದ ಮರಿಯಪ್ಪನ ಲಾರಿಯಲ್ಲೇ ಕೊಚ್ಚಿಗೆ ಹೊರಟೆವು. "ಏನ್ ದೊಡ್ಡಮಲ್ಲವ್ವ, ಇವತ್ತು ನೀವೇ ಲೋಡಾ?" ಎಂದು ಅವನು ನಕ್ಕ. "ಊಂ ಕಣಪ್ಪ, ಬಾಡ್ದಂಗೆ ಇಳ್ಸು" ಎಂದಳು.

ಹಡಗಿನ ಮೇಲೆ ನಾನು ಕಂಬಿ ಹಿಡಿದು ಕುಳಿತವಳು ಏಳಲಿಲ್ಲ. ಅವಳು ಮಾತ್ರ ಬೆಳಿಗ್ಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಹಡಗು ಅತ್ತ ವಾಲಿದರೆ ತಾನು ಇತ್ತ ವಾಲಿ ಪೂಜೆ ಮುಗಿಸಿದಳು. ಬೀಳಲಿಲ್ಲ. ಲಾರಿಯ ಮೂಟೆಗಳ ಮೇಲೆ ನಿಂತು ರೂಢಿ.

ದ್ವೀಪ ಕಂಡಿತು. ಹಡಗು ದೂರದಲ್ಲೇ ನಿಂತಿತು, ನಮ್ಮನ್ನು ಸಣ್ಣ ದೋಣಿಗೆ ಇಳಿಸಿಕೊಂಡರು. ಇಳಿಸುವಾಗ ಒಂದು ಚೀಲದ ಬಾಯಿ ಬಿಚ್ಚಿ ಕಾಯಿ ಹೊರಗೆ ಉರುಳಿತು. ದೋಣಿಯವನು ಅದನ್ನು ಎತ್ತಿ ಹಿಡಿದು ನೋಡಿದ, ಪಕ್ಕದವನಿಗೆ ತೋರಿಸಿದ, ಇಬ್ಬರೂ ಹೊಟ್ಟೆ ಹಿಡಿದು ನಗುವುದಕ್ಕೆ ಶುರುಮಾಡಿದರು. ಯಾಕೆಂದು ದೊಡ್ಡಮಲ್ಲಮ್ಮ ಕೇಳಿದಳು. ಅವನು ಸುಮ್ಮನೆ ದಡದ ಕಡೆ ಕೈ ತೋರಿಸಿದ.

ದಡದ ಈ ತುದಿಯಿಂದ ಆ ತುದಿಗೆ ಬರೀ ತೆಂಗು. ಮನೆ ಕಾಣದು, ದಾರಿ ಕಾಣದು, ತೆಂಗಿನ ತಲೆಗಳ ಮೇಲೆ ಅಳಿಯನ ದೀಪದ ಗೋಪುರ ಒಂದೇ ಬೆಳ್ಳಗೆ ನಿಂತಿತ್ತು.

"ಅಯ್ಯೋ ಶಿವನೆ! ಈರುಳ್ಳಿ ತನ್ನಿ, ಮೆಣಸಿನಕಾಯಿ ತನ್ನಿ ಅಂತ ಎಲ್ಲಾ ಯೋಳ್ದ. ಇದೊಂದ್ ಮಾತ ಯೋಳ್ಬಾರ್ದಿತ್ತಾ ನಮ್ಮಳಿಯ!" ಎಂದವಳು ತಾನೂ ನಗತೊಡಗಿದಳು. ಕಾಯಿಯನ್ನು ಮಾತ್ರ ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು.

ಸುಧಾಮಣಿ ಬಾಗಿಲಲ್ಲಿ ನಿಂತಿದ್ದಳು. ಮುಖ ಇಳಿದಿತ್ತು, ಹೊಟ್ಟೆ ತುಂಬಿತ್ತು. ತಾಯಿಯನ್ನು ಕಂಡವಳೇ, "ಬೀನ್ಸ್ ತಂದಿದ್ದೀಯಾ ಅವ್ವ?" ಎಂದಳು.

ಚೀಲಗಳನ್ನು ಅಂಗಳದಲ್ಲಿ ಬಿಚ್ಚಿದೆವು. ಒಂದು ಬೀನ್ಸೂ ಬಾಡಿರಲಿಲ್ಲ. ಸುದ್ದಿ ಹೇಗೆ ಹರಡಿತೋ, ಸುತ್ತಲ ಹೆಂಗಸರು ಬಂದು ನೆರೆದರು. ಆ ದ್ವೀಪದವರೆಲ್ಲ ಸಾಬರು. ತಲೆ ತುಂಬ ವಸ್ತ್ರ, ಬಾಯಿ ತುಂಬ ಮಾತು. ಅದು ಮಲಯಾಳದ ಹಾಗೇ ಇತ್ತು, ದೊಡ್ಡಮಲ್ಲಮ್ಮನಿಗೆ ತಿಳಿಯಿತು. ಅವಳು ಮಾರುಕಟ್ಟೆಯಲ್ಲಿ ಕುಳಿತ ಹಾಗೆ ಮಂಡಿ ಮಡಿಚಿ ಕುಳಿತು ಒಬ್ಬೊಬ್ಬರಿಗೂ ಒಂದೊಂದು ಎಲೆಕೋಸು ಕೊಡುತ್ತ ಕೇಳಿದ್ದು ಒಂದೇ ಮಾತು: ಗಂಡ ಇದ್ದಾನಾ?

ಪಕ್ಕದ ಮನೆಯ ಕದೀಜಾ, "ಇದ್ದಾನೆ, ಮೀನಿಗೆ ಹೋಗಿದ್ದಾನೆ. ಬೇಕಾದರೆ ಈ ಕೋಸಿಗೆ ಬದಲು ಅವನನ್ನೇ ಕರೆದುಕೊಂಡು ಹೋಗಿ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾಕೆ ಕೇಳಿದೆ ಎಂದು ದೊಡ್ಡಮಲ್ಲಮ್ಮ ಆಗ ಹೇಳಿದಳು. ನಗು ನಿಂತಿತು. ಸುಧಾಮಣಿಯ ಬೆನ್ನ ಮೇಲೆ ಕೈಯಿಟ್ಟು ಕದೀಜಾ, ನಾವು ಬರುತ್ತೇವೆ, ಏನು ಮಾಡಬೇಕು ಹೇಳಿಕೊಡಿ ಎಂದಳು.

ಮಾರನೆಯ ದಿನ ಬೆಳಿಗ್ಗೆ ಐದು ಜನ ಬಂದರು. ಹಬ್ಬಕ್ಕೆ ಉಡುವ ಬಟ್ಟೆ ಉಟ್ಟಿದ್ದರು. ಸುಧಾಮಣಿಗೆ ಮಂಚಮ್ಮನ ಹಸಿರು ಬಳೆ ತೊಡಿಸಿದೆವು, ಕನಕಾಂಬರ ಮುಡಿಸಿದೆವು. ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆವು. ದೊಡ್ಡಮಲ್ಲಮ್ಮ ಹೇಳಿಕೊಡುತ್ತಿದ್ದಳು: ಮೊದಲು ಹಣೆಗೆ ಕುಂಕುಮ, ಆಮೇಲೆ ಸೆರಗಿಗೆ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಕಾಯಿ. ಹೇಳಿಕೊಡುತ್ತಿದ್ದದ್ದು ಅಡಿಗೆಮನೆಯ ಹೊಸ್ತಿಲಿನಿಂದ. ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಶುಭ ನಡೆಯುವಾಗ ನಮ್ಮಂಥವರು ನಿಲ್ಲುವ ಜಾಗ ಅದೇ. ಯಾರೂ ಹೇಳಬೇಕಾಗಿಲ್ಲ, ಕಾಲು ತಾನೇ ಹೋಗಿ ನಿಲ್ಲುತ್ತದೆ.

ಕದೀಜಾ ಮೊದಲು ತುಂಬಿದಳು. ಒಬ್ಬರಾದ ಮೇಲೆ ಒಬ್ಬರು ಐದೂ ಜನ ತುಂಬಿದರು. ಮುಗಿಯಿತು ಎಂದುಕೊಂಡೆ.

ದೊಡ್ಡಮಲ್ಲಮ್ಮ ಹೊಸ್ತಿಲು ದಾಟಿದಳು. ಕೈಯಲ್ಲಿ ಆರನೆಯ ಕಾಯಿ ಇತ್ತು.

"ಅಮ್ಮಿ" ಎಂದೆ. ಮರಿಮಲ್ಲಪ್ಪನ ಮಾತು ನನ್ನ ಎದೆಯಲ್ಲಿ ಇನ್ನೂ ಕುಳಿತಿತ್ತು.

ಅವಳು ತಿರುಗಿ ನೋಡಿದಳು. "ಒಡ್ದೋಗ್ಲಿಲ್ಲ ಕಣಕ್ಕ" ಎಂದಳು.

ಹೋಗಿ ಮಗಳ ಮುಂದೆ ಕುಳಿತಳು. ಸುಧಾಮಣಿ ಸೆರಗನ್ನು ಇನ್ನಷ್ಟು ಅಗಲ ಮಾಡಿ, "ಬ್ಯಾಗ ಹಾಕವ್ವ, ಬಾರ ಆಯ್ತದ" ಎಂದಳು. ತಾಯಿ ಕುಂಕುಮವಿಟ್ಟಳು, ಉಡಿಗಾಲದ ಅಕ್ಕಿ ಸುರಿದಳು, ಕಾಯಿಯನ್ನು ಮಡಿಲಿಗೆ ಇಳಿಸಿದಳು.

"ಅಕ್ಕ, ನೀನೂ ಬಾ."

"ನಂಗೆ ಕಾಯಿ ಎಲ್ಲದೆ?" ಎಂದೆ. ತಪ್ಪಿಸಿಕೊಳ್ಳುವುದಕ್ಕೆ ಹೇಳಿದ ಮಾತು. ಕದೀಜಾಗೆ ನನ್ನ ಕನ್ನಡ ತಿಳಿಯಲಿಲ್ಲ, ಬರಿಗೈ ತಿಳಿಯಿತು. ಅಂಗಳಕ್ಕೆ ಓಡಿ, ಬಿದ್ದಿದ್ದ ಕಾಯೊಂದನ್ನು ನೆಲದಲ್ಲಿ ನೆಟ್ಟಿದ್ದ ಕಬ್ಬಿಣದ ಮೊಳೆಗೆ ಕುಕ್ಕಿ ಸುಲಿದು ತಂದು ನನ್ನ ಕೈಗೆ ಕೊಟ್ಟಳು. ಗಂಡ ಹೋದಾಗಿನಿಂದ ನಾನು ಯಾರ ಮಡಿಲನ್ನೂ ತುಂಬಿರಲಿಲ್ಲ. ತುಂಬಿದೆ.

ಅಂದೇ ಮರಿಮಲ್ಲಪ್ಪನ ಮನೆಗೆ ಫೋನು ಮಾಡಿದೆವು.

"ಸಿಕ್ಕಿದ್ರಾ? ಎಷ್ಟು ಜನ ತುಂಬುದ್ರು?" ಅವನ ದನಿ ನನಗೂ ಕೇಳುತ್ತಿತ್ತು.

"ಏಳು ಜನ ಬಾವ."

"ಏಳಾ? ಯಾರ್ಯಾರು?"

ಅವಳು ಐದು ಹೆಸರನ್ನೂ ನಿಧಾನವಾಗಿ ಹೇಳಿದಳು. ಆಮೇಲೆ, "ನಾನು. ನಮ್ಮಕ್ಕ" ಎಂದಳು.

ಆ ಕಡೆ ಬಳೆಯ ಸದ್ದಾಯಿತು. ಮಂಚಮ್ಮ ಫೋನು ಕಿತ್ತುಕೊಂಡಿರಬೇಕು, "ಬಳೆ ಸರಿಯಾಯ್ತೇನವ್ವ?" ಎಂದು ಕೂಗಿದಳು.

ಪರ್ಮಿಟ್ಟಿನ ಗಡುವು ಮುಗಿದು, ಮಳೆ ಹಿಡಿಯುವ ಮೊದಲೇ ನಾವು ಹಿಂತಿರುಗಿದೆವು. ಬಾಣಂತನ ನೋಡಿಕೊಳ್ಳಲು ಕದೀಜಾ ಒಪ್ಪಿದ್ದಳು. ಆಷಾಢದ ಮಳೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಕ್ಷೇಮ. ಫೋನು ಬಂದದ್ದು ಮರಿಮಲ್ಲಪ್ಪನ ಮನೆಗೆ. ಅವನು ನಮಗೆ ಸುದ್ದಿ ಮುಟ್ಟಿಸಿ ಮನೆಗೆ ಹೋಗಲಿಲ್ಲ. ಅಂಗಡಿಯಿಂದ ಸಕ್ಕರೆ ಕೊಂಡು ಮಾರುಕಟ್ಟೆಗೆ ನಡೆದ. ಲಾರಿ ತುಂಬುತ್ತಿದ್ದವರಿಗೆಲ್ಲ ಹಂಚಿದ. ಮರಿಯಪ್ಪ ಏನು ವಿಶೇಷ ಎಂದು ಕೇಳಿದ್ದಕ್ಕೆ ಎದೆಯುಬ್ಬಿಸಿ ಹೇಳಿದ:

"ನಮ್ ಸುಧಾಮಣಿಗೆ ಎಣ್ ಕೂಸು ಕಣ್ಲಾ. ಏಳು ಜನ ತುಂಬಿದ್ ಮಡಿಲು, ಸುಮ್ನೆ ಆಯ್ತದ?"

ದೊಡ್ಡಮಲ್ಲಮ್ಮ ಬೀನ್ಸಿನ ಮೂಟೆ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ದಬ್ಬಣ ಬಾಯಲ್ಲಿ ಕಚ್ಚಿಕೊಂಡು, ಸಕ್ಕರೆಗೆ ಕೈ ಒಡ್ಡಿದಳು.