ವಕೀಲರ ಮನೆಯ ಫೋನ್ ಮೀಟರ್

ಎಂಬತ್ತರ ದಶಕದ ಆರಂಭದಲ್ಲಿ ನಾನು ಹಾನಗಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಊರಲ್ಲಿ ಫೋನಿದ್ದವರೇ ಕಡಿಮೆ. ಎರಡಂಕಿಯ ನಂಬರುಗಳೇ ಸಾಕಾಗುತ್ತಿದ್ದವು. ಒಂದು ಗೋಡೆಯ ತುಂಬ ಮೀಟರುಗಳು, ಫೋನಿಗೊಂದು. ಪರಊರಿನ ಟ್ರಂಕ್ ಕಾಲನ್ನು ಆಪರೇಟರ್ ಜೋಡಿಸಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ, ಮೀಟರಿಗೆ ಅದು ಬರುತ್ತಿರಲಿಲ್ಲ. ಊರೊಳಗಿನ ಕರೆಯನ್ನು ಆ ಕಡೆಯವರು ಎತ್ತಿದ ಕೂಡಲೇ ಕರೆದವರ ಮೀಟರು ಟಿಕ್ ಎಂದು ಒಂದಂಕಿ ಮುಂದೆ ಹೋಗುತ್ತಿತ್ತು. ಯಾರಿಗೆ ಮಾಡಿದರು, ಏನು ಮಾತಾಡಿದರು ಎಂಬುದು ಅದಕ್ಕೆ ಬೇಕಿಲ್ಲ. ನನಗೆ ಬೇಕಿತ್ತು. ಟಿಕ್ ಎಂದರೆ ಸಾಕು, ಇದು ಯಾರದು, ಈ ಹೊತ್ತಿನಲ್ಲಿ ಯಾಕೆ ಎಂದು ನನ್ನ ಕಿವಿ ನೆಟ್ಟಗಾಗುತ್ತಿತ್ತು. ಈ ಚಟಕ್ಕೆ ನಾನು ಸಣ್ಣವನಿದ್ದಾಗಲೇ ಅವ್ವ ಬೈದಿದ್ದಳು, ಉಪಯೋಗವಾಗಿರಲಿಲ್ಲ.

ಒಂದು ದಿನ ವಕೀಲರೊಬ್ಬರು ಎಕ್ಸ್‌ಚೇಂಜಿಗೆ ಬಂದರು. ವಿದ್ವಾಂಸರ ಮನೆತನದ ವೈಷ್ಣವರು, ಮೆಲುಮಾತಿನವರು. ಅವರ ಪಡಸಾಲೆಯ ಫೋನು ಇಡೀ ಓಣಿಯ ಫೋನು. ಆಡೂರಿನ ಕಡೆಯಿಂದ ಬರುವ ಕಕ್ಷಿದಾರರೂ ಅವರನ್ನು ಕೇಳಿ ಅಲ್ಲಿಂದಲೇ ಮಾತಾಡುತ್ತಿದ್ದರು. ಅವರ ಕರೆಗಳನ್ನೆಲ್ಲ ಲೆಕ್ಕದಿಂದ ಕಳೆದರೂ ಮೀಟರು ಹೆಚ್ಚಿಗೆ ಓಡುತ್ತಿತ್ತು. ಮನೆಯಲ್ಲಿ ಹೊಸ ಸೊಸೆ, ಧಾರವಾಡದವಳು. ಗಂಡನಿಗೆ ದೂರದ ಬ್ಯಾಂಕಿನಲ್ಲಿ ನೌಕರಿ, ಅಲ್ಲಿ ಇನ್ನೂ ಬಾಡಿಗೆ ಮನೆ ಸಿಕ್ಕಿರಲಿಲ್ಲ. ಆಕೆ ಗುಟ್ಟಾಗಿ ಯಾರಿಗೋ ಫೋನು ಮಾಡುತ್ತಾಳೆಂದು ಅತ್ತೆಗೆ ಸಂಶಯ ಹತ್ತಿತ್ತು. ತವರಿಗೆ ಕಳಿಸಿಬಿಡುವ ಮಾತೂ ನಡೆದಿತ್ತು.

“ಬಿಲ್ಲಿನ ಚಿಂತಿ ಇಲ್ಲಪಾ,” ಎಂದರು ವಕೀಲರು. “ಆ ಹುಡುಗಿ ಮಾಡಿಲ್ಲ ಅಂತಾಳ, ಮೀಟರು ಮಾಡ್ಯಾಳ ಅಂತದ. ಯಾರನ್ನ ನಂಬಬೇಕು ಹೇಳು.”

ಎತ್ತು ಈಯಿತು ಎಂದರೆ ಕರು ಕಟ್ಟಿ ಎನ್ನುವ ಜನ ನಾವು. ಅದರಲ್ಲೂ ಹೇಳಿದ್ದು ಮಷೀನಾದರೆ ಮುಗಿದೇ ಹೋಯಿತು. ನಾನು ಮೊದಲು ಮೀಟರನ್ನೇ ಹಿಡಿದೆ. ಬಿಚ್ಚಿ ಬೇರೆಯದು ಹಾಕಿದೆ, ಅದೂ ಹಾಗೇ ಓಡಿತು. ಕಂಬದಿಂದ ಕಂಬಕ್ಕೆ ತಂತಿ ನೋಡುತ್ತ ಹೋದೆ. ಹುಣಸೆಯ ಟೊಂಗೆಯೊಂದು ತಾಗುತ್ತಿತ್ತು, ಕಡಿಸಿದೆ. ಬದಲಾಗಲಿಲ್ಲ.

ಆ ದಿನಗಳಲ್ಲೇ ಪೇಟೆಯ ಗೊಬ್ಬರದ ಅಂಗಡಿಯವನು ಇನ್ನೊಂದು ದೂರು ತಂದ. ಫೋನು ಬರುತ್ತದಂತೆ, ಎತ್ತಿದರೆ ಯಾರೂ ಮಾತಾಡುವುದಿಲ್ಲವಂತೆ. ಏನೂ ಕೇಳಿಸುವುದಿಲ್ಲವೇ ಎಂದೆ. ಅವನು ನಕ್ಕು, “ಬಳಿ ಸಪ್ಪಳ ಕೇಳಸ್ತೈತ್ರಿ,” ಎಂದ.

ಅಂಗಡಿಗೆ ಫೋನು ಬರುವ ಹೊತ್ತಿಗೇ ವಕೀಲರ ಮೀಟರು ಟಿಕ್ ಎನ್ನುತ್ತಿತ್ತು. ಹಾಗಾದರೆ ಹುಡುಗಿ ಸುಳ್ಳು ಹೇಳುತ್ತಿದ್ದಾಳೆಯೇ? ಹೇಳಿದರೆ ಒಬ್ಬಳ ಸಂಸಾರ ಹೋಗುತ್ತದೆ, ಹೇಳದಿದ್ದರೆ ಕೆಲಸ ಕೆಟ್ಟಂತೆ. ಆದರೆ ಗುಟ್ಟಾಗಿ ಫೋನು ಮಾಡುವವಳು ಮಾತನ್ನೇ ಆಡದಿದ್ದರೆ ಏನು ಸುಖ? ಆ ಪ್ರಶ್ನೆ ನನ್ನನ್ನು ವಕೀಲರ ಮನೆಗೆ ಎಳೆದುಕೊಂಡು ಹೋಯಿತು.

ಪಡಸಾಲೆಯಲ್ಲಿ ಕೂತು ಫೋನನ್ನು ಬಿಚ್ಚಿ ನೋಡಿದೆ. ಎಲ್ಲ ಸರಿಯಿತ್ತು. ಬಾಗಿಲ ಮರೆಯಲ್ಲಿ ಸೊಸೆ ನಿಂತಿದ್ದಳು. ತಾನು ಆ ಫೋನಿನ ಹತ್ತಿರವೇ ಬರುವುದಿಲ್ಲ ಎಂದಳು. ಒಳಗಿನಿಂದ ದೇವರ ಪೂಜೆಯ ಗಂಟೆ ಕೇಳಿಸುತ್ತಿತ್ತು. ನಾನು ಸೈಕಲ್ ಹತ್ತಿ ಎಕ್ಸ್‌ಚೇಂಜಿಗೆ ಬಂದು ಅವರ ಮೀಟರಿನ ಮುಂದೆ ಕಾಯುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಟಿಕ್ ಎಂದಿತು. ಕರೆ ಜೋಡಿಸುವ ಮಷೀನಿನ ಕೈ ಹೋಗಿ ನಿಂತದ್ದು ಗೊಬ್ಬರದ ಅಂಗಡಿಯ ನಂಬರಿನ ಮೇಲೆಯೇ. ದೋಷ ಹುಡುಕಲೆಂದು ಇದ್ದ ಹ್ಯಾಂಡ್‌ಸೆಟ್ಟನ್ನು ಸಿಕ್ಕಿಸಿ ಕಿವಿಗೆ ಹಚ್ಚಿದೆ. ಬಳೆಗಳ ಸದ್ದು. ಬಟ್ಟೆ ಹಿಂಡಿದ ಸದ್ದು. ಆಮೇಲೆ ವಯಸ್ಸಾದ ಹೆಂಗಸಿನ ದನಿ: “ಈ ಕಡೆ ಬರಬ್ಯಾಡವಾ. ಆ ಫೋನಿನವ ಮುಟ್ಟಿ ಹೋಗ್ಯಾನ, ಇನ್ನೂ ಒರಸೂದದ.”

ಫೋನಿನವ ಎಂದರೆ ನಾನು. ನಮ್ಮದು ಹಿರೇಬೆಂಡಿಗೇರಿಯ ಊರಂಚಿನ ಕೇರಿ, ಮನೆಯಲ್ಲಿ ಬುದ್ಧನ ಪಟ. ಇಂಥ ಮಾತು ನಮಗೆ ಹೊಸದಲ್ಲ, ಆದರೆ ತಂತಿಯೊಳಗಿಂದ ನನ್ನ ಕಿವಿಗೇ ಬರುತ್ತದೆ ಎಂದುಕೊಂಡಿರಲಿಲ್ಲ. ನೋವಾಯಿತು, ಸಿಟ್ಟೂ ಬಂತು. ಅದರ ನಡುವೆಯೇ ಗುಟ್ಟು ಬಿಚ್ಚಿಕೊಂಡ ಖುಷಿಯೂ ಬಂತೆನ್ನುವುದನ್ನು ಮುಚ್ಚಿಡಲಾರೆ. ಹೊರಗಿನವರು ಮುಟ್ಟಿದ ಮೇಲೆಲ್ಲ ಅತ್ತೆ ರಿಸೀವರನ್ನು ಪಕ್ಕಕ್ಕಿಟ್ಟು, ಒದ್ದೆ ಬಟ್ಟೆ ಸುತ್ತಿದ ಬೆರಳನ್ನು ಡಯಲಿನ ತೂತುಗಳಲ್ಲಿ ಹಾಕಿ ತಿರುವಿ ಒರೆಸುತ್ತಿದ್ದರು. ದಿನವೂ ಅದೇ ತೂತಿನಿಂದ ಶುರು. ನಂಬರು ಎರಡಂಕಿಯದೇ, ಎರಡು ತೂತು ಒರೆಸುವಷ್ಟರಲ್ಲಿ ಗೊಬ್ಬರದ ಅಂಗಡಿಗೆ ಫೋನು ಹೋಗುತ್ತಿತ್ತು. ಕಿವಿ ಮಂದ, ಬಾಯಲ್ಲಿ ಸ್ತೋತ್ರ. ಆ ಕಡೆಯ ಹಲೋ ಅವರಿಗೆ ಕೇಳಿಸುವುದೆಲ್ಲಿಂದ?

ಮೀಟರು ಕೆಟ್ಟಿತ್ತು, ಸರಿಮಾಡಿದೆ ಎಂದು ಹೇಳಿಬಿಟ್ಟರೆ ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಮರುದಿನ ಅದು ಮತ್ತೆ ಟಿಕ್ ಎನ್ನುತ್ತಿತ್ತು, ಹುಡುಗಿ ಮತ್ತೆ ಸಿಕ್ಕಿಬೀಳುತ್ತಿದ್ದಳು. ಮರಳಿ ಹೋಗಿ ವಕೀಲರನ್ನೂ ಅತ್ತೆ ಸೊಸೆಯರನ್ನೂ ಪಡಸಾಲೆಗೆ ಕರೆಸಿದೆ. ಎಲ್ಲರೆದುರು ಫೋನನ್ನು ಮುಟ್ಟಿ, ಅತ್ತೆಯ ಕಡೆ ತಿರುಗಿದೆ.

“ಅವ್ವಾರ, ಈಗ ನಾ ಮುಟ್ಟೇನ್ರಿ. ನೀವು ದಿನಾ ಹೆಂಗ ಒರಸ್ತೀರಿ, ಹಂಗ ಒರಸ್ರಿ.”

ವಕೀಲರು ತಲೆ ತಗ್ಗಿಸಿದರು. ಅತ್ತೆ ಗಂಡನ ಮುಖ ನೋಡಿದರು, ಆಮೇಲೆ ಬಟ್ಟೆ ತೊಯಿಸಿಕೊಂಡು ಬಂದು ಒರೆಸಿದರು. ಪಕ್ಕಕ್ಕಿಟ್ಟ ರಿಸೀವರಿನಿಂದ ಗೊಬ್ಬರದ ಅಂಗಡಿಯವನ ಸಣ್ಣ ದನಿ ಬಂತು: “ಹಲೋ, ಯಾರ್ರಿ? ಮಾತಾಡ್ರೆಲಾ.”

ಅತ್ತೆಯ ಕೈ ಡಯಲಿನ ಮೇಲೇ ನಿಂತಿತು. ತಾನು ಯಾರನ್ನೂ ಬಿಡುವುದಿಲ್ಲ, ಕೋರ್ಟಿನಿಂದ ಬಂದ ಗಂಡ ಮುಟ್ಟಿದರೂ ಒರೆಸುತ್ತೇನೆ ಎಂದು ನನಗೇ ಸಮಜಾಯಿಷಿ ಹೇಳಿದರು. ಕೇಳಿ ಅರ್ಧ ಸಮಾಧಾನವಾಯಿತು. ಅರ್ಧವೇ. ರಿಸೀವರನ್ನು ಅದರ ಜಾಗದಲ್ಲಿಟ್ಟು ಒರೆಸಿದರೆ ಕರೆ ಹೋಗುವುದಿಲ್ಲ ಎಂದು ತಿಳಿಸಿದೆ.

ಸೊಸೆ ಧಾರವಾಡಕ್ಕೆ ಒಂದು ಟ್ರಂಕ್ ಕಾಲ್ ಸಿಗಬಹುದೇ ಎಂದು ಕೇಳಿದಳು. ತವರಿನ ಪಕ್ಕದ ಮನೆಯಲ್ಲಿ ಫೋನಿತ್ತಂತೆ. ಆಪರೇಟರ್ ನಮ್ಮ ಎಕ್ಸ್‌ಚೇಂಜಿನವನೇ, ಬೇಗ ಕೊಡಿಸಿದ. ಅಲ್ಲಿಯವರು ಆಕೆಯ ತಾಯಿಯನ್ನು ಕರೆತರುವ ತನಕ ರಿಸೀವರು ನನ್ನ ಕಿವಿಯಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿತ್ತು. ತಾಯಿಯ ದನಿ ಬಂದಾಗ ನಾನು ಅದನ್ನು ಮುಂದೆ ಹಿಡಿದೆ. ಅತ್ತೆಯ ಬಟ್ಟೆಯ ಕೈ ಮುಂದೆ ಬಂತು. ಸೊಸೆ ಅದಕ್ಕಿಂತ ಮೊದಲೇ ನನ್ನ ಕೈಯಿಂದ ರಿಸೀವರು ತೆಗೆದುಕೊಂಡು ಸೀದಾ ಕಿವಿಗಿಟ್ಟುಕೊಂಡಳು.

“ಅವ್ವಾ, ನಾ ಬರೂದಿಲ್ಲ. ಇಲ್ಲೇ ಇರ್ತೀನಿ,” ಎಂದಳು.

ಆ ಮನೆಯಿಂದ ಆಕೆ ಮಾಡಿದ ಮೊದಲ ಕರೆ ಅದು. ಟ್ರಂಕ್ ಕಾಲ್ ಆದ್ದರಿಂದ ಮೀಟರು ಮಿಸುಕಲಿಲ್ಲ.