ಕೊಂಡಿಯ ಮೇಲಿನ ಕುಂಕುಮ

ಮೊನ್ನೆ ಪಕ್ಕದ ಬೀದಿಯಲ್ಲಿ ಯಾರೋ ಗೇಟಿಗೆ ರೆಡ್ ಆಕ್ಸೈಡ್ ಬಣ್ಣ ಬಳಿಯುತ್ತಿದ್ದರು. ತರಕಾರಿಗೆಂದು ಹೊರಟವಳು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಅದು ದಸರಾ ಹತ್ತಿರ ಬಂತು ಎನ್ನುವ ವಾಸನೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ, ಎದುರುಮನೆಯ ಮಾವ ನೆನಪಾಗುತ್ತಾರೆ...

ಮಾವ ಎಂದರೆ ನೆಂಟರೇನಲ್ಲ. ಬಾಗಲೂರು ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ನಮ್ಮ ಬೀದಿ ಇರುವ ಜಾಗ ಒಂದು ಕಾಲಕ್ಕೆ ಅವರ ಮನೆತನದ ಹೊಲವಾಗಿತ್ತಂತೆ. ಸೈಟುಗಳೆಲ್ಲ ಮಾರಾಟವಾಗಿ ಎಷ್ಟೋ ವರ್ಷವಾಗಿದ್ದರೂ ಯಜಮಾನಿಕೆ ಮಾತ್ರ ಅವರ ಬಳಿಯೇ ಉಳಿದಿತ್ತು. ಯಾರು ಎಲ್ಲಿ ಬೋರ್‌ವೆಲ್ ಕೊರೆಸಬೇಕು, ಯಾರ ಮಗಳಿಗೆ ಯಾವ ಊರಿನ ಗಂಡು ಆಗಿಬರುತ್ತದೆ, ಎಲ್ಲದಕ್ಕೂ ಅವರದೇ ತೀರ್ಪು. ಚಪ್ಪಲಿ ಬಿಟ್ಟ ಸದ್ದಾಗುವಷ್ಟರಲ್ಲಿ ನಡುಮನೆಯಲ್ಲಿ ಕೂತಿರುತ್ತಿದ್ದರು. ನನಗೆ ಅವರನ್ನು ಮೊದಲಿನಿಂದಲೂ ಕಂಡರಾಗುತ್ತಿರಲಿಲ್ಲ. ನನ್ನ ಗಂಡನಿಗೆ ಅವರು ಹೇಳಿದ್ದೇ ವೇದವಾಕ್ಯ.

ನನ್ನ ಗಂಡ ಮನೆ ಕಟ್ಟುವವರಿಗೆ ಕಾಂಕ್ರೀಟ್ ಮಿಕ್ಸರನ್ನು ಬಾಡಿಗೆಗೆ ಕೊಡುತ್ತಿದ್ದರು. ಯಲಹಂಕದ ಸುತ್ತ ಎಲ್ಲಿ ತಾರಸಿಗೆ ಮೋಲ್ಡ್ ಹಾಕಿದರೂ ನಮ್ಮ ಮೆಷಿನ್ನಿಗೆ ಕರೆ ಬರುತ್ತಿತ್ತು. ಟ್ರ್ಯಾಕ್ಟರ್ ನಮ್ಮದೇ ಇತ್ತು, ಆದರೆ ಮೆಷಿನ್ ಹೇರಿಕೊಂಡು ಹೋಗುವ ಟ್ರೈಲರಿಗೆ ಪ್ರತಿ ಸಲ ಇನ್ನೊಬ್ಬರ ಮನೆ ಬಾಗಿಲು ತಟ್ಟಬೇಕಿತ್ತು. ಸ್ವಂತದ್ದೊಂದು ಬೇಕೆಂದು ತೀರ್ಮಾನವಾದಾಗ ಹೊಸದೋ ಹಳೆಯದೋ ಎಂಬ ಮಾತು ಎದ್ದಿತು. ಟಿ. ದಾಸರಹಳ್ಳಿಯಲ್ಲಿ ಒಬ್ಬರು ನಾವು ಹೇಳಿದ ಅಳತೆಗೆ ಹೊಸದನ್ನೇ ಕಟ್ಟಿಕೊಡುವವರಿದ್ದರು, ಆದರೆ ದೀಪಾವಳಿ ಕಳೆಯುವವರೆಗೆ ಕಾಯಬೇಕಿತ್ತು. ಕಾಯೋಣ ಎಂದೆ. ಹಳೆಯದನ್ನು ಯಾರು ಎಷ್ಟು ಹೇರಿ, ಎಲ್ಲೆಲ್ಲಿ ಎತ್ತಿಹಾಕಿದ್ದರೋ ಯಾರಿಗೆ ಗೊತ್ತು?

ಆ ಮಾತು ನಡೆಯುವಾಗಲೇ ಮಾವ ಬಂದು ಕೂತರು. ಕಾಫಿ ಹೀರುತ್ತಾ ನನ್ನತ್ತ ನೋಡಿ ನಕ್ಕರು.

"ಟ್ರೈಲರ್ ಅಂದ್ರೆ ಏನವ್ವ? ಅದ್ರಾಗೆ ಇಂಜಿನ್ ಐತಾ, ಗೇರ್ ಐತಾ? ಬರೀ ಕಬ್ಬಿಣ. ಕಬ್ಬಿಣಕ್ಕೆ ವಯಸ್ಸಾಯ್ತದಾ? ನನ್ನ ಗುರ್ತಿನೋರ ಅತ್ರ ಒಂದೈತೆ ಅಳಿಯಾ. ಅಬ್ಬಕ್ಕೆ ನಿನ್ನ ಮನೆ ಮುಂದೆ ಇರ್ತದೆ."

"ನೀವು ಹೇಳಿದ್ಮೇಲೆ ಇನ್ನೇನಿದೆ ಮಾವ" ಎಂದರು ನನ್ನ ಗಂಡ. ಅಲ್ಲಿಗೆ ಮುಗಿಯಿತು. ನಾನು ಅಷ್ಟು ಹೊತ್ತು ಗೋಡೆಗೆ ಹೇಳಿದ್ದರೂ ಆಗುತ್ತಿತ್ತು.

ಆಯುಧಪೂಜೆಯ ದಿನ ಟ್ರೈಲರ್ ಬಂದಿತು. ಆ ದಿನ ನಮ್ಮ ಕಡೆ ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲಕ್ಕೂ ಬಣ್ಣ, ಬಾಳೆಕಂದು, ಹೂವಿನ ಹಾರ. ಹೊಸ ಬಣ್ಣ ಏಕೆ ಬಳಿದಿದ್ದೀರಿ ಎಂದು ಹಬ್ಬದ ದಿನ ಯಾರೂ ಕೇಳುವುದಿಲ್ಲ. ಮಾವ ತಮ್ಮ ಅಂಗಡಿಯಲ್ಲೇ ಪೂಜೆ ಮುಗಿಸಿ, ಅಲ್ಲೇ ಕುಂಬಳಕಾಯಿ ಒಡೆದು, ಮದುವೆಗೆ ಹೊರಟ ಹೆಣ್ಣಿನ ಹಾಗೆ ಸಿಂಗರಿಸಿ ತಂದಿದ್ದರು. ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಯ ಬುಡದಲ್ಲಿ ವಿಭೂತಿಯ ದಪ್ಪ ಪಟ್ಟೆ, ಅದರ ಮೇಲೆ ಅಂಗೈಯಗಲ ಕುಂಕುಮ. ಅಷ್ಟೊಂದು ಏಕೆ ಎಂದು ನನಗೆ ಅನ್ನಿಸಿತು. ಬಗ್ಗಿ ಸವರಿ ನೋಡಲು ಕೈ ಚಾಚಿದೆ.

"ಪೂಜೆ ಆಗೈತೆ ಕಣವ್ವ. ಕುಂಕುಮ ಅಳಿಸ್ಬಾರ್ದು."

ಕೈ ಹಿಂದಕ್ಕೆ ತೆಗೆದುಕೊಂಡೆ. ಮುತ್ತೈದೆ, ಹಬ್ಬದ ದಿನ, ಗಂಡನ ಗಾಡಿಯ ಕುಂಕುಮ... ನಮ್ಮಲ್ಲಿ ಯಾವ ಹೆಂಗಸು ಅಳಿಸುತ್ತಾಳೆ? ಅದು ತಾನಾಗಿ ಉದುರುವವರೆಗೆ ಬಟ್ಟೆ ಕೂಡ ತಾಗಿಸುವುದಿಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನೀನೇ ಒರೆಸಿ ನೋಡಬಹುದಿತ್ತಲ್ಲ ಎಂದು ಎಲ್ಲ ಮುಗಿದ ಮೇಲೆ ನಾದಿನಿ ಅಂದಳು. ಅವಳ ಜೊತೆಗೂ ಒಂದಷ್ಟು ಕಾಲ ಮಾತು ಬಿಟ್ಟಿದ್ದೆ.

ಹಬ್ಬದ ಹೂವು ಬಾಡುವಷ್ಟರಲ್ಲಿ ಆಗಬಾರದ್ದು ಆಯಿತು. ವಿದ್ಯಾರಣ್ಯಪುರದಲ್ಲಿ ಒಂದು ಮನೆಯ ಮೋಲ್ಡಿಗೆಂದು ಮೆಷಿನ್ ಹೇರಿಕೊಂಡು ಹೋಗಿದ್ದರು. ರಸ್ತೆಯ ಏರಿನಲ್ಲಿ ಡ್ರೈವರ್ ಟ್ರ್ಯಾಕ್ಟರ್ ನಿಲ್ಲಿಸಿದ. ಚಕ್ರಕ್ಕೆ ಕಲ್ಲು ಕೊಡಲು ನನ್ನ ಗಂಡ ಹಿಂದೆ ಹೋದರು. ಕೊಂಡಿ ಬುಡದಲ್ಲೇ ಮುರಿದು, ಮೆಷಿನ್ ಹೊತ್ತ ಟ್ರೈಲರ್ ಹಿಂದಕ್ಕೆ ಉರುಳಿತು. ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ವಾರ ಕಳೆದು ಟ್ರೈಲರ್ ಎಳೆದು ತಂದ ಮೆಕ್ಯಾನಿಕ್ ಮುರಿದ ಜಾಗವನ್ನು ನನಗೆ ತೋರಿಸಿದ. "ಒಳಗಡೆ ನೋಡಿ ಅಕ್ಕ, ಹಳೇ ತುಕ್ಕು. ಮೊದ್ಲೇ ಬಿರುಕು ಬಿಟ್ಟಿದೆ. ಮೇಲ್ಗಡೆ ಮಾತ್ರ ಹೊಸ ವೆಲ್ಡಿಂಗ್. ಹಬ್ಬಕ್ಕೆ ಸ್ವಲ್ಪ ಮುಂಚೆ ಹೊಡ್ದಿರೋದು."

ನೇರ ಮಾವನ ಅಂಗಡಿಗೆ ಹೋದೆ. ಅವರು ಯಾವುದೋ ಕಿಟಕಿಗೆ ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ಬಿರುಕು ನಿಮಗೆ ಗೊತ್ತಿತ್ತೋ ಇಲ್ಲವೋ, ಅಷ್ಟು ಹೇಳಿ ಎಂದೆ. ಬ್ರಷ್ ಡಬ್ಬದೊಳಗೆ ಇಟ್ಟರು. ತಲೆ ಎತ್ತಲಿಲ್ಲ.

"ಪೂಜೆ ಮಾಡೇ ಕೊಟ್ಟಿದ್ದೆ ಕಣವ್ವ. ದ್ಯಾವ್ರು ಕೈಬಿಟ್ಟ."

ತಾನು ಮಾಡಿದ್ದನ್ನು ದೇವರ ತಲೆಗೆ ಕಟ್ಟಿದ ಆ ಮನುಷ್ಯನ ಮುಖಕ್ಕೆ ಡಬ್ಬ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಆ ಪ್ರಶ್ನೆಯೇ ಅವರೊಡನೆ ನಾನು ಆಡಿದ ಕೊನೆಯ ಮಾತು.

ನನ್ನ ಗಂಡ ಮಾತ್ರ ಒಂದು ದಿನವೂ ಅವರನ್ನು ದೂರಲಿಲ್ಲ. ಮೆಷಿನ್, ಟ್ರ್ಯಾಕ್ಟರ್ ಎರಡೂ ಕೈಬಿಟ್ಟು ಹೋದವು, ಮನೆಯ ಮುಂದಿನ ಕೋಣೆಯಲ್ಲಿ ಸಣ್ಣದೊಂದು ಅಂಗಡಿ ಬಂತು, ಮಾವ ಮಾತ್ರ ಬರುವುದು ಬಿಡಲಿಲ್ಲ. ದಿನಾ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೃತಕ ಕಾಲು ಸರಿಮಾಡಿಸಲು ಆಟೋದಲ್ಲಿ ಅವರೇ ಕರೆದುಕೊಂಡು ಹೋಗುತ್ತಿದ್ದರು. ಇಬ್ಬರೂ ನಗುವುದು ಅಡುಗೆಮನೆಗೆ ಕೇಳಿಸಿದರೆ ನಾನು ಪಾತ್ರೆ ಕುಕ್ಕುತ್ತಿದ್ದೆ. ಒಂದೇ ಒಂದು ಸಲ ಒಳಗೆ ಬಂದು, ಗೊತ್ತಿತ್ತು, ತಪ್ಪಾಯಿತು ಎನ್ನಲಿ ಎಂದು ಕಾದೆ. ಬೇರೇನೂ ಕೇಳಿರಲಿಲ್ಲ. ವರ್ಷಗಟ್ಟಲೆ ಕಾದೆ...

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಎದುರುಮನೆಗೆ ಹೋಗಿ ನೋಡಿಕೊಂಡು ಬಂದೆ. ಅಳು ಬರಲಿಲ್ಲ. ನನ್ನ ಗಂಡ ಮಗುವಿನಂತೆ ಅತ್ತರು. ರಾತ್ರಿ ಊಟ ಬೇಡವೆಂದಾಗ ನನಗೆ ತಡೆಯಲಾಗಲಿಲ್ಲ. ನಿಮ್ಮ ಕಾಲು ಕಳೆದವನಿಗಾಗಿ ಇಷ್ಟು ಅಳುತ್ತೀರಲ್ಲ, ಕೊನೆಗೂ ಬಾಯಿಬಿಟ್ಟು ಒಪ್ಪಿಕೊಳ್ಳದೆ ಹೋದ ಎಂದು ಕೂಗಾಡಿದೆ. ಅವರು ಕೃತಕ ಕಾಲು ಬಿಚ್ಚಿ ಗೋಡೆಗೆ ಒರಗಿಸಿದರು.

"ಒಪ್ಕೊಂಡಿದ್ರು ಕಣೇ. ಆಸ್ಪತ್ರೇಲೇ, ಕಾಲು ತೆಗೆದ ಮಾರನೇ ದಿನಾನೇ. ನನ್ನ ಕೈ ಹಿಡ್ಕೊಂಡು ಅತ್ರು. ನಾನು ಆಗ್ಲಿ ಬಿಡಿ ಮಾವ ಅಂದೆ. ನಿನ್ಗೆ ಮಾತ್ರ ಹೇಳ್ಬೇಡ ಅಂದಿದ್ರು."

ಅಂದರೆ ನಾನು ಅಂಗಡಿಗೆ ಹೋಗಿ ನಿಂತಾಗ ಆ ಲೆಕ್ಕ ಆಗಲೇ ಮುಗಿದಿತ್ತು. ಸುಲಭವಾಗಿ ಕ್ಷಮಿಸುವವನ ಹತ್ತಿರ ಹೋಗಿ ಕ್ಷಮೆ ತೆಗೆದುಕೊಂಡು, ನನ್ನ ಮುಂದೆ ದೇವರನ್ನು ನಿಲ್ಲಿಸಿದರು. ನಾನು ಕ್ಷಮಿಸುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ನಿಜ, ಕ್ಷಮಿಸುತ್ತಿರಲಿಲ್ಲ. ಆದರೆ ಅವರು ಕೇಳಬೇಕಿತ್ತು. ಆ ಮನೆಯ ಬಾಗಿಲಿಗೆ ಈಗ ಬೀಗ ಬಿದ್ದಿದೆ. ನನ್ನ ಗಂಡ ಅಂಗಡಿಯಲ್ಲಿ ಒಬ್ಬರೇ ಕೂರುತ್ತಾರೆ, ಅವರಿಗೆ ಹೋದದ್ದು ಒಬ್ಬ ಗೆಳೆಯ. ನನಗೆ ಹೋದದ್ದು, ಕ್ಷಮಿಸುವುದಿಲ್ಲ ಎಂದು ಅವರ ಮುಖಕ್ಕೆ ಹೇಳುವ ಅವಕಾಶ.